ಹೃದಯದ ಎಂಆರ್‌ಐ ಮತ್ತು ಉಸಿರು: ಪ್ರತಿ ಸಲವೂ ಅದೇ ಜಾಗಕ್ಕೆ

ಪರದೆಯ ಮೇಲಿರುವ ಎರಡು ಚಿತ್ರಗಳನ್ನು ನೋಡಿ. ಎರಡೂ ಒಂದೇ ಹೃದಯದ್ದು. ಯಂತ್ರ ಅದೇ, ಸಂಕೇತ ಹಿಡಿಯುವ ಕಾಯಿಲ್ ಅದೇ, ಚಿತ್ರ ತೆಗೆಯುವ ಕ್ರಮವಾದ ಸೀಕ್ವೆನ್ಸ್ ಅದೇ. ಎಡಗಡೆಯದರಲ್ಲಿ ಎದೆಯ ಮುಂಭಾಗದ ಕೊಬ್ಬಿನ ಬಿಳಿ ಅಂಚು ನಾಲ್ಕೈದು ಮಸುಕು ನಕಲುಗಳಾಗಿ ಹೃದಯದ ಮೇಲೆ ಹಾದುಹೋಗಿದೆ. ಹೃದಯದ ಗೋಡೆ ಎಲ್ಲಿ ಮುಗಿಯಿತು, ರಕ್ತ ಎಲ್ಲಿಂದ ಶುರುವಾಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ. ಬಲಗಡೆಯದರಲ್ಲಿ ಒಳಗಿನ ಪ್ಯಾಪಿಲರಿ ಸ್ನಾಯುಗಳೂ ಬೇರೆಬೇರೆಯಾಗಿ ಕಾಣುತ್ತಿವೆ. ನಡುವೆ ಬದಲಾದದ್ದು ಒಂದೇ, ಮೈಕಿನಲ್ಲಿ ಹೇಳಿದ ಮಾತು. ಮೊದಲ ಸಲ "ಉಸಿರು ಹಿಡಿಯಿರಿ" ಎಂದಷ್ಟೇ ಹೇಳಿದ್ದು. ಎರಡನೇ ಸಲ ಹೇಳಿದ್ದು "ಉಸಿರು ತಗೊಳ್ಳಿ... ಬಿಡಿ... ಸಾಕು, ಅಲ್ಲೇ ನಿಲ್ಲಿಸಿ".

ಹೃದಯದ ಎಂಆರ್‌ಐ ಅಂದ ಕೂಡಲೇ ಎಲ್ಲರ ಗಮನ ಹೋಗುವುದು ಬಡಿತದ ಕಡೆಗೆ. ಅದು ಕಷ್ಟದ ವಿಷಯವೇ, ಆದರೆ ಬಡಿತಕ್ಕೆ ಇಸಿಜಿ ಇದೆ. ಇಸಿಜಿಯಲ್ಲಿ ಪ್ರತಿ ಬಡಿತಕ್ಕೂ ಚೂಪಾಗಿ ಏಳುವ ಆರ್ ಅಲೆ ಬಂದಾಗ ಎಣಿಕೆ ಶುರು ಮಾಡಿ ಅಂತ ಯಂತ್ರಕ್ಕೆ ಹೇಳಬಹುದು. ಉಸಿರಿಗೆ ಅಂಥ ಚೂಪಾದ ಗುರುತು ಇಲ್ಲ. ಜೊತೆಗೆ ಉಸಿರನ್ನು ರೋಗಿ ತಾನೇ ಬದಲಾಯಿಸಬಲ್ಲರು. ಹೆದರಿದರೆ ಬದಲಾಗುತ್ತದೆ, ನಿದ್ದೆ ಬಂದರೆ ಬದಲಾಗುತ್ತದೆ, ನಾವು ಗಡಿಬಿಡಿಯಲ್ಲಿ ಮಾತಾಡಿದರೂ ಬದಲಾಗುತ್ತದೆ.

ಎಷ್ಟು ಅಲುಗಾಡುತ್ತದೆ ಅನ್ನೋದನ್ನು ಮೊದಲು ಲೆಕ್ಕ ಹಾಕೋಣ. ಹೃದಯ ಕೂತಿರುವುದೇ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆಯ ಮೇಲೆ. ಅದರ ಹೊರಚೀಲ ವಪೆಗೆ ಅಂಟಿಕೊಂಡೇ ಇದೆ. ಸುಮ್ಮನೆ ಮಲಗಿ ಉಸಿರಾಡುವಾಗ ವಪೆ ಸುಮಾರು 1ರಿಂದ 2 ಸೆಂಟಿಮೀಟರ್ ಮೇಲೆ ಕೆಳಗೆ ಹೋಗುತ್ತದೆ. ದೀರ್ಘವಾಗಿ ಎಳೆದುಕೊಂಡರೆ ಅದರ ಹಲವು ಪಟ್ಟು. ಹೃದಯ ಅಷ್ಟೂ ದೂರ ಹೋಗುವುದಿಲ್ಲ. ಸರಾಸರಿ ನೋಡಿದರೆ ವಪೆಯ ಚಲನೆಯ 0.6 ಪಾಲು, ಆದರೆ ಇದು ಒಬ್ಬೊಬ್ಬರಲ್ಲಿ ಒಂದೊಂದು ಥರ. ವಪೆ 15 ಮಿಲಿಮೀಟರ್ ಸರಿದರೆ ಹೃದಯ ಸುಮಾರು 9 ಮಿಲಿಮೀಟರ್ ಸರಿಯಿತು ಅನ್ನಿ. ಎಡ ಹೃತ್ಕುಕ್ಷಿಯ ಆರೋಗ್ಯವಂತ ಗೋಡೆಯ ದಪ್ಪವೇ ಹೆಚ್ಚುಕಡಿಮೆ ಅಷ್ಟು. ಕೊರೊನರಿ ನಾಳಗಳ ಅಗಲ 2ರಿಂದ 4 ಮಿಲಿಮೀಟರ್. ಅಂದರೆ ಒಂದು ಸಾಧಾರಣ ಉಸಿರಿನಲ್ಲಿ, ಗೋಡೆ ಇದ್ದ ಜಾಗಕ್ಕೆ ರಕ್ತ ಬಂದು ಕೂರುತ್ತದೆ.

ಹಾಗಾದರೆ ಚಿತ್ರ ಕೈ ನಡುಗಿದ ಫೋಟೋದ ಹಾಗೆ ಮಸುಕಾಗಬೇಕಿತ್ತು. ನಕಲುಗಳು ಎಲ್ಲಿಂದ ಬಂದವು? ಎಂಆರ್‌ಐ ಯಂತ್ರ ಚಿತ್ರವನ್ನು ನೇರವಾಗಿ ತೆಗೆಯುವುದಿಲ್ಲ. ಕೆ-ಸ್ಪೇಸ್ ಎಂಬ ಕೋಷ್ಟಕವನ್ನು ಸಾಲು ಸಾಲಾಗಿ ತುಂಬಿ, ಕೊನೆಗೆ ಗಣಿತದಿಂದ ಅದನ್ನು ಚಿತ್ರ ಮಾಡುತ್ತದೆ. ಫೋಟೋದ ಒಂದು ಸಾಲು ಕೆಟ್ಟರೆ ಆ ಸಾಲು ಮಾತ್ರ ಕೆಡುತ್ತದೆ. ಕೆ-ಸ್ಪೇಸಿನ ಪ್ರತಿ ಸಾಲಿನಲ್ಲೂ ಇಡೀ ಚಿತ್ರದ ಅಂಶ ಇರುತ್ತದೆ, ಹಾಗಾಗಿ ಕೆಲವೇ ಸಾಲುಗಳು ತಪ್ಪು ಜಾಗದಿಂದ ಬಂದರೂ ತಪ್ಪು ಚಿತ್ರದ ತುಂಬ ಹರಡುತ್ತದೆ. ಒಂದು ಸಾಲನ್ನು ಓದಲು ಕೆಲವು ಮಿಲಿಸೆಕೆಂಡು ಸಾಕು, ಅಷ್ಟರಲ್ಲಿ ಉಸಿರು ಏನೂ ಸರಿಯುವುದಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಹೋಗುವಾಗ ಮಾತ್ರ ಸೆಕೆಂಡುಗಳೇ ಕಳೆಯುತ್ತವೆ. ಆ ದಿಕ್ಕಿಗೆ ಫೇಸ್ ಎನ್‌ಕೋಡಿಂಗ್ ಅನ್ನುತ್ತೇವೆ. ನಕಲುಗಳು ಯಾವಾಗಲೂ ಆ ದಿಕ್ಕಿನಲ್ಲೇ ಸಾಲುಗಟ್ಟುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ, ಗಾಯದ ಗುರುತು ಹುಡುಕುವಾಗ ಮತ್ತೆ ಬೇಕಾಗುತ್ತದೆ.

ಈಗ ಎಷ್ಟು ಹೊತ್ತು ದಮ್ಮು ಕಟ್ಟಬೇಕು ಅನ್ನುವ ಲೆಕ್ಕ. ಬಡಿತವನ್ನು ಸಿನಿಮಾದ ಹಾಗೆ ತೋರಿಸುವ ಸಿನೆ ಚಿತ್ರದಲ್ಲಿ ಒಂದು ಸಾಲಿಗೆ 3 ಮಿಲಿಸೆಕೆಂಡು ಅನ್ನಿ. ಒಂದು ಬಡಿತದಲ್ಲಿ ಪ್ರತಿ ಹಂತಕ್ಕೆ, ಅಂದರೆ ಸಿನೆಯ ಪ್ರತಿ ಚೌಕಟ್ಟಿಗೆ, 14 ಸಾಲು ತುಂಬಿದರೆ ಒಂದು ಹಂತದ ಅವಧಿ 42 ಮಿಲಿಸೆಕೆಂಡು. ಹೃದಯದ ಚಲನೆ ಹಿಡಿಯಲು ಅದು ಸರಿಯಾದ ಅಳತೆ. ಒಟ್ಟು 168 ಸಾಲು ಬೇಕಾದರೆ 12 ಬಡಿತ. ನಾಡಿ ನಿಮಿಷಕ್ಕೆ 60 ಇದ್ದವರಿಗೆ 12 ಸೆಕೆಂಡು, 50 ಇದ್ದವರಿಗೆ 14 ಸೆಕೆಂಡು ದಾಟುತ್ತದೆ. ಬಿಟ್ಟ ಸಾಲುಗಳನ್ನು ಲೆಕ್ಕದಿಂದ ತುಂಬಿಕೊಳ್ಳುವ ಪ್ಯಾರಲಲ್ ಇಮೇಜಿಂಗ್ ಹಾಕಿ ಅರ್ಧದಷ್ಟು ಸಾಲು ಬಿಟ್ಟರೆ ಆರೇಳು ಸೆಕೆಂಡಿಗೆ ಇಳಿಯುತ್ತದೆ. ಬಡಿತಗಳ ನಡುವೆ ಹೀಗೆ ಸಾಲು ಹಂಚಿಕೊಂಡು ಒಂದೇ ದಮ್ಮಿನಲ್ಲಿ ಸಿನೆ ಮುಗಿಸುವ ವಿಧಾನವನ್ನು ಅಟ್ಕಿನ್‌ಸನ್ ಮತ್ತು ಎಡೆಲ್‌ಮನ್ 1991ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1985ರಲ್ಲೇ, ಉಸಿರಿನ ಹಂತ ನೋಡಿಕೊಂಡು ಸಾಲುಗಳ ಕ್ರಮ ಬದಲಿಸಿ ನಕಲುಗಳನ್ನು ತಗ್ಗಿಸುವ ಉಪಾಯ ಬಂದಿತ್ತು. ಇಂದು ನಾವು ಮಾಡುವ ಸಿನೆ 1991ರ ಆ ದಾರಿಯಲ್ಲೇ ಬೆಳೆದದ್ದು.

ಹೆಚ್ಚಿನವರು ಇಲ್ಲಿಗೆ ನಿಲ್ಲುತ್ತಾರೆ. ರೋಗಿ 12 ಸೆಕೆಂಡು ಹಿಡಿದರು, ಚಿತ್ರ ಚೊಕ್ಕಟವಾಗಿದೆ, ಮುಂದಿನದು. ನಾನು ಒತ್ತಿ ಹೇಳಬೇಕೆಂದಿರುವುದು ಇದರ ಆಚೆಗಿನ ಮಾತು. ಎಷ್ಟು ಹೊತ್ತು ಹಿಡಿದರು ಅನ್ನೋದಕ್ಕಿಂತ, ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಹಿಡಿದರೇ ಅನ್ನೋದು ದೊಡ್ಡದು. ಎಡ ಹೃತ್ಕುಕ್ಷಿಯನ್ನು ಬುಡದಿಂದ ತುದಿಯವರೆಗೆ ಮುಚ್ಚಲು 10ರಿಂದ 12 ಸ್ಲೈಸ್, ಅಂದರೆ ಅಡ್ಡ ಹೋಳಿನ ಚಿತ್ರ, ಬೇಕು. ಒಂದೊಂದು ಸ್ಲೈಸಿಗೂ ಒಂದೊಂದು ದಮ್ಮು. ಒಂದು ಸಲ ಸ್ವಲ್ಪ ಉಸಿರು ಉಳಿಸಿಕೊಂಡು, ಇನ್ನೊಂದು ಸಲ ಪೂರ್ತಿ ಬಿಟ್ಟು ನಿಲ್ಲಿಸಿದರೆ ಎರಡೂ ಚಿತ್ರ ಚೊಕ್ಕಟವಾಗಿಯೇ ಬರುತ್ತವೆ. ಆದರೆ ನಡುವೆ ಹೃದಯದ ಒಂದು ಹೋಳು ಬಿಟ್ಟೇ ಹೋಗಿರುತ್ತದೆ, ಇಲ್ಲವೇ ಒಂದೇ ಹೋಳು ಎರಡು ಸಲ ಬಂದಿರುತ್ತದೆ. ನಕಲು ಬಿದ್ದ ಚಿತ್ರ ತಾನು ಕೆಟ್ಟಿದ್ದೇನೆ ಅಂತ ಕಣ್ಣಿಗೆ ಹೇಳುತ್ತದೆ. ಈ ತಪ್ಪು ಹೇಳುವುದಿಲ್ಲ. ಅದಕ್ಕೇ ಇದು ಹೆಚ್ಚು ಅಪಾಯದ್ದು.

ಎಷ್ಟು ವ್ಯತ್ಯಾಸ ಆದೀತು? ಹೃದಯ ಪೂರ್ತಿ ಹಿಗ್ಗಿದಾಗ ಒಳಗಿನ ರಕ್ತ 150 ಮಿಲಿಲೀಟರ್, ಕುಗ್ಗಿದಾಗ 60 ಅಂತಿಟ್ಟುಕೊಳ್ಳಿ. ಹೊರಗೆ ತಳ್ಳಿದ್ದು 90, ಅಂದರೆ ಎಜೆಕ್ಷನ್ ಫ್ರ್ಯಾಕ್ಷನ್ ಶೇಕಡಾ 60. ಕುಗ್ಗಿದ ಹಂತದಲ್ಲಿ ಬುಡದ ಕಡೆಯ ಒಂದು ಹೋಳು ಎರಡು ಸಲ ಎಣಿಕೆಗೆ ಬಂತು ಅನ್ನಿ. ಅಲ್ಲಿ ಒಳಗಿನ ಅಗಲ 4 ಸೆಂಟಿಮೀಟರ್ ಇದ್ದರೆ ವೃತ್ತದ ವಿಸ್ತೀರ್ಣ ಸುಮಾರು 12.6 ಚದರ ಸೆಂಟಿಮೀಟರ್. ಸ್ಲೈಸಿನಿಂದ ಸ್ಲೈಸಿಗೆ 1 ಸೆಂಟಿಮೀಟರ್ ಅಂತರವಾದರೆ ಆ ಹೋಳೊಂದರಲ್ಲೇ 12 ಮಿಲಿಲೀಟರಿಗೂ ಹೆಚ್ಚು. 60 ಇದ್ದದ್ದು 72 ಆಯಿತು, ಫ್ರ್ಯಾಕ್ಷನ್ 52ಕ್ಕೆ ಇಳಿಯಿತು. ಹೃದಯದಲ್ಲಿ ಏನೂ ಬದಲಾಗಿಲ್ಲ. ಹಿಗ್ಗಿದ ಹಂತದಲ್ಲೂ ಅದೇ ಹೋಳು ಎರಡು ಸಲ ಬಂದಿದ್ದರೆ ಎರಡು ತಪ್ಪುಗಳು ಸ್ವಲ್ಪ ಸರಿಹೋಗುತ್ತವೆ, ಆದರೆ ಬುಡದ ಸ್ಲೈಸಿನಲ್ಲಿ ಹಾಗಾಗುವ ಖಾತ್ರಿ ಇಲ್ಲ. ಕುಗ್ಗುವಾಗ ಬುಡ ತುದಿಯ ಕಡೆಗೆ ಇಳಿಯುವುದರಿಂದ ಒಂದು ಹಂತದಲ್ಲಿ ಹೃತ್ಕುಕ್ಷಿ ಕಂಡ ಜಾಗದಲ್ಲಿ ಇನ್ನೊಂದು ಹಂತದಲ್ಲಿ ಹೃತ್ಕರ್ಣ ಕಾಣುತ್ತದೆ. ಕಿಮೋಥೆರಪಿ ತಗೊಳ್ಳುತ್ತಿರುವವರಿಗೆ ಈ ಅಂಕಿ ನೋಡಿಯೇ ಔಷಧ ಮುಂದುವರಿಸುವುದೋ ಬಿಡುವುದೋ ಅಂತ ಯೋಚಿಸುತ್ತಾರೆ. ಒಂದು ದಮ್ಮಿನ ವ್ಯತ್ಯಾಸದಿಂದ ಎಂಟು ಅಂಕ ಜಾರಬಾರದು.

ಹಾಗಾಗಿ ಉಸಿರು ಎಲ್ಲಿ ನಿಲ್ಲಿಸಬೇಕು ಅನ್ನುವ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಬಿಟ್ಟ ಮೇಲೆ. ತುಂಬ ಎಳೆದುಕೊಂಡು ನಿಲ್ಲಿಸಿದರೆ ಹೆಚ್ಚು ಹೊತ್ತು ಹಿಡಿಯಬಹುದು, ಅದು ನಿಜ. ಆದರೆ ಎಳೆದುಕೊಳ್ಳುವುದಕ್ಕೆ ಮಿತಿ ಇಲ್ಲ. ಒಮ್ಮೆ ಅರ್ಧ, ಒಮ್ಮೆ ಮುಕ್ಕಾಲು, ಒಮ್ಮೆ ಎದೆ ಬಿರಿಯುವಷ್ಟು. ಸಾಧಾರಣವಾಗಿ ಬಿಟ್ಟ ಉಸಿರಿನ ಕೊನೆ ಮಾತ್ರ ಸ್ನಾಯುಗಳು ಸಡಿಲಾಗಿ ವಪೆ ತಾನಾಗಿ ಬಂದು ನಿಲ್ಲುವ ಜಾಗ. ಅದು ಪ್ರತಿ ಸಲವೂ ಹತ್ತಿರ ಹತ್ತಿರ ಒಂದೇ. ಎಳೆದು ಹಿಡಿದವರಲ್ಲಿ ಇನ್ನೊಂದು ತೊಂದರೆಯೂ ಇದೆ. ಗಂಟಲು ಮುಚ್ಚಿ ತಿಣುಕಲು ಶುರು ಮಾಡುತ್ತಾರೆ. ಎದೆಯೊಳಗಿನ ಒತ್ತಡ ಏರುತ್ತದೆ, ಹೃದಯಕ್ಕೆ ವಾಪಸು ಬರುವ ರಕ್ತ ಕಡಿಮೆಯಾಗುತ್ತದೆ, ನಾಡಿಯ ವೇಗ ಬದಲಾಗುತ್ತದೆ. ಅಂದರೆ ಅಳೆಯಲು ಹೊರಟ ಹೃದಯವೇ ಅಳೆಯುವಾಗ ಬೇರೆಯಾಗಿರುತ್ತದೆ.

"ಬಿಟ್ಟ ಮೇಲೆ" ಅಂದರೆ ಪೂರ್ತಿ ಹಿಂಡಿ ಖಾಲಿ ಮಾಡಿ ಅಂತಲ್ಲ. ಹಿಂಡಿದವರು ಐದು ಸೆಕೆಂಡಿಗೇ ಏದುಸಿರು ಬಿಡುತ್ತಾರೆ. ನಿಟ್ಟುಸಿರು ಬಿಟ್ಟ ಹಾಗೆ ಬಿಟ್ಟು ನಿಲ್ಲಿಸಿದರೆ ಸಾಕು.

ಇದನ್ನು ಹೇಳಿಕೊಡುವ ಸಮಯ ರೋಗಿ ಸುರಂಗದೊಳಗೆ ಹೋದ ಮೇಲಲ್ಲ. ಮೇಜಿನ ಮೇಲೆ ಮಲಗಿಸಿ, ಮೊಣಕಾಲ ಕೆಳಗೆ ದಿಂಬು ಕೊಟ್ಟು, ಇಯರ್‌ಫೋನ್ ಹಾಕುವ ಮೊದಲು ಎರಡು ಸಲ ಅಭ್ಯಾಸ ಮಾಡಿಸಿ. ಹೊಟ್ಟೆಯ ಮೇಲೆ ಅವರದೇ ಕೈ ಇರಲಿ. "ಬಿಡಿ" ಅಂದಾಗ ಕೈ ಕೆಳಗೆ ಇಳಿಯಬೇಕು, "ನಿಲ್ಲಿಸಿ" ಅಂದಾಗ ಇಳಿದಲ್ಲೇ ಇರಬೇಕು. ನೂರಕ್ಕೆ ನೂರು ಕಣ್ಣಿಟ್ಟು ನೋಡಬೇಕಾದ ತಪ್ಪು ಒಂದಿದೆ. "ನಿಲ್ಲಿಸಿ" ಎಂದ ಕೂಡಲೇ ಅನೇಕರು ತಮಗೇ ಗೊತ್ತಿಲ್ಲದೆ ಒಂದು ಗುಟುಕು ಗಾಳಿ ಎಳೆದುಕೊಂಡು ಆಮೇಲೆ ನಿಲ್ಲಿಸುತ್ತಾರೆ. ಉಸಿರು ಗಮನಿಸಲು ಹೊಟ್ಟೆಗೆ ಕಟ್ಟಿದ ಪಟ್ಟಿಯ ಗ್ರಾಫಿನಲ್ಲಿ ಗೆರೆ ಚಪ್ಪಟೆಯಾಗುವ ಮೊದಲು ಒಂದು ಸಣ್ಣ ಉಬ್ಬು ಕಾಣುತ್ತದೆ, ಅದೇ ಗುರುತು. ಅದು ಕಂಡರೆ ಸ್ಕ್ಯಾನ್ ಮುಂದುವರಿಸಬೇಡಿ. ಒಳಗೆ ಹೋಗಿ, ಸಮಾಧಾನವಾಗಿ ಇನ್ನೊಮ್ಮೆ ಹೇಳಿಕೊಡಿ. ಅಲ್ಲಿ ಕಳೆದ ಎರಡು ನಿಮಿಷ ಮುಂದಿನ ಮೂವತ್ತು ದಮ್ಮುಗಳನ್ನು ಉಳಿಸುತ್ತದೆ. ಪೂರ್ತಿ ಪರೀಕ್ಷೆಯಲ್ಲಿ ಅಷ್ಟು ಸಲ ಉಸಿರು ನಿಲ್ಲಿಸಬೇಕಾಗುವುದು ಸಾಮಾನ್ಯ.

ಮಾತಿಗೂ ತಾಳ ಇರಲಿ. "ಬಿಡಿ" ಮತ್ತು "ನಿಲ್ಲಿಸಿ" ನಡುವೆ ಉಸಿರು ನಿಜಕ್ಕೂ ಹೊರಗೆ ಹೋಗುವಷ್ಟು ಹೊತ್ತು ಕೊಡಿ. "ನಿಲ್ಲಿಸಿ" ಎಂದ ಮೇಲೆ ಒಂದು ಸೆಕೆಂಡು ಕಾದು ಸ್ಟಾರ್ಟ್ ಒತ್ತಿ. ಮೊದಲೇ ಒತ್ತಿದರೆ ವಪೆ ಇನ್ನೂ ಇಳಿಯುತ್ತಾ ಏರುತ್ತಾ ಇರುವಾಗಿನ ಸಾಲುಗಳು ಸೇರಿಬಿಡುತ್ತವೆ. ಮುಗಿದ ಕ್ಷಣವೇ "ಉಸಿರಾಡಿ" ಅನ್ನಬೇಕು. ಒಮ್ಮೆ ಮರೆತರೆ ಮುಂದಿನ ಸಲದಿಂದ ಯಾವಾಗ ಬಿಡಬೇಕು ಅಂತ ರೋಗಿಯೇ ತೀರ್ಮಾನಿಸುತ್ತಾರೆ, ಅದು ಅವರ ತಪ್ಪಲ್ಲ. ಒಂದು ದಮ್ಮಿಗೂ ಇನ್ನೊಂದಕ್ಕೂ 15-20 ಸೆಕೆಂಡು ಬಿಡುವು ಕೊಡಿ. ಧ್ವನಿಮುದ್ರಿತ ಸೂಚನೆ ಪ್ರತಿ ಸಲ ಒಂದೇ ಥರ ಇರುತ್ತದೆ, ಅದು ಒಳ್ಳೆಯದೇ. ಆದರೆ ಏದುಸಿರು ಬಿಡುತ್ತಿರುವವರಿಗೆ ಅದರ ಓಟ ಹೊಂದುವುದಿಲ್ಲ. ಅಂಥವರಿಗೆ ಕಿಟಕಿಯಿಂದ ನೋಡುತ್ತಾ ನೀವೇ ಮಾತಾಡಿ. ಕಿವಿ ಕೇಳದವರಿಗೆ ಒಳಗಿನ ದೀಪ ಆರಿಸಿ ಹೊತ್ತಿಸುವುದನ್ನೇ ಗುರುತಾಗಿ ಮೊದಲೇ ಒಪ್ಪಿಸಿಕೊಳ್ಳಬಹುದು.

ಹೊಸಬರು ಎಡವುವ ಇನ್ನೊಂದು ಜಾಗ ಲೊಕಲೈಸರ್, ಅಂದರೆ ಸ್ಲೈಸ್‌ಗಳ ಜಾಗ ಗೊತ್ತುಮಾಡಲು ಮೊದಲು ತೆಗೆಯುವ ಚಿತ್ರ. ಸಮಯ ಉಳಿಸಲು ಅದನ್ನು ಸಹಜ ಉಸಿರಿನಲ್ಲೇ ತೆಗೆದುಬಿಡುತ್ತಾರೆ. ಆ ಚಿತ್ರದ ಮೇಲೆ ಗೆರೆ ಎಳೆದು ಸ್ಲೈಸ್ ಹಾಕುತ್ತಾರೆ. ಆಮೇಲೆ ಉಸಿರು ಬಿಟ್ಟು ನಿಲ್ಲಿಸಿದಾಗ ಹೃದಯ 1 ಸೆಂಟಿಮೀಟರ್ ಮೇಲೆ ಹೋಗಿರುತ್ತದೆ, ಗೆರೆ ಹಳೆಯ ಜಾಗದಲ್ಲೇ ಇರುತ್ತದೆ. ನಾಲ್ಕು ಕೋಣೆಗಳ ನೋಟ ಬರಬೇಕಾದಲ್ಲಿ ಹೃದಯದ ಇನ್ನೂ ಕೆಳಗಿನ ಭಾಗ ಬಂದು ಕೂರುತ್ತದೆ. ಯೋಜನೆಯ ಚಿತ್ರ ಯಾವ ಉಸಿರಿನಲ್ಲಿ, ನಿಜವಾದ ಚಿತ್ರವೂ ಅದೇ ಉಸಿರಿನಲ್ಲಿ ಇರಬೇಕು. ಶಿಮ್ ಮಾಡುವುದೂ, ಅಂದರೆ ಕಾಂತಕ್ಷೇತ್ರವನ್ನು ಸಮ ಮಾಡಿಕೊಳ್ಳುವುದೂ, ಹಾಗೆಯೇ. ಶ್ವಾಸಕೋಶದ ಗಾಳಿ ಹೃದಯಕ್ಕೆ ಅಂಟಿಕೊಂಡೇ ಇರುವುದರಿಂದ ಉಸಿರಿನ ಜೊತೆ ಅಲ್ಲಿನ ಕಾಂತಕ್ಷೇತ್ರವೂ ಸ್ವಲ್ಪ ಬದಲಾಗುತ್ತದೆ. ಎಳೆದ ಉಸಿರಿನಲ್ಲಿ ಶಿಮ್ ಮಾಡಿ ಬಿಟ್ಟ ಉಸಿರಿನಲ್ಲಿ ಸಿನೆ ತೆಗೆದರೆ, ಅದರಲ್ಲೂ 3 ಟೆಸ್ಲಾ ಯಂತ್ರದಲ್ಲಿ, ಹೃದಯದ ಮೇಲೆ ಕಪ್ಪು ಪಟ್ಟೆ ಬೀಳಬಹುದು. ಇಸಿಜಿ ಪ್ಯಾಚ್ ಹಾಕಿದ ಮೇಲೂ ಒಮ್ಮೆ ಉಸಿರು ನಿಲ್ಲಿಸಿ ನೋಡಿ. ಹೃದಯ ತಿರುಗಿದಾಗ ಆರ್ ಅಲೆಯ ಎತ್ತರವೂ ಬದಲಾಗುತ್ತದೆ, ಸಹಜ ಉಸಿರಿನಲ್ಲಿ ಆರ್ ಅಲೆಯನ್ನು ಸರಿಯಾಗಿ ಹಿಡಿಯುತ್ತಿದ್ದ ಟ್ರಿಗರ್ ದಮ್ಮಿನಲ್ಲಿ ತಪ್ಪಬಹುದು.

ಗಾಯದ ಗುರುತಿನ ವಿಷಯಕ್ಕೆ ಬರೋಣ. ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧ ಕೊಟ್ಟು 10ರಿಂದ 20 ನಿಮಿಷದೊಳಗೆ ತೆಗೆಯುವ ಚಿತ್ರಗಳಲ್ಲಿ ಆರೋಗ್ಯದ ಸ್ನಾಯು ಕಪ್ಪು, ಗಾಯವಾದ ಜಾಗ ಬಿಳಿ. ಅಷ್ಟು ಹೊತ್ತಿಗೆ ರೋಗಿ ದಣಿದಿರುತ್ತಾರೆ. ಅನೇಕ ಸಲ ಎರಡು ಬಡಿತಕ್ಕೊಮ್ಮೆ ಸಾಲು ತುಂಬುವುದರಿಂದ ದಮ್ಮೂ ಉದ್ದವಾಗುತ್ತದೆ. ಕೊನೆಯ ಎರಡು ಸೆಕೆಂಡಿನಲ್ಲಿ ಉಸಿರು ಜಾರಿದರೆ ಎದೆಯ ಕೊಬ್ಬಿನ ನಕಲೋ, ಪಕ್ಕದಲ್ಲಿ ತುಂಬಿರುವ ನೀರಿನ ನಕಲೋ ಬಂದು ಕಪ್ಪು ಗೋಡೆಯ ಮೇಲೆ ಬಿಳಿ ಚುಕ್ಕೆಯಾಗಿ ಕೂರುತ್ತದೆ. ನೋಡಲು ಥೇಟ್ ಗಾಯದ ಹಾಗೇ. ಪತ್ತೆ ಮಾಡುವುದು ಹೇಗೆ? ಮೊದಲು, ಆ ಚುಕ್ಕೆಯ ಮೂಲಕ ಫೇಸ್ ದಿಕ್ಕಿನಲ್ಲಿ ಕಣ್ಣಾಡಿಸಿ. ಅದೇ ಆಕಾರದ ಇನ್ನೊಂದು ತುಣುಕು ಹೃದಯದ ಹೊರಗೆ, ಗಾಳಿಯಲ್ಲಿ ತೇಲುತ್ತಿದ್ದರೆ ಅನುಮಾನಪಡಿ. ಆಮೇಲೆ ಫೇಸ್ ದಿಕ್ಕನ್ನು ಅದಲುಬದಲು ಮಾಡಿ ಅದೇ ಸ್ಲೈಸ್ ಮತ್ತೆ ತೆಗೆಯಿರಿ. ಗಾಯವಾದರೆ ಇದ್ದಲ್ಲೇ ಇರುತ್ತದೆ, ನಕಲಾದರೆ ಜಾಗ ಬಿಡುತ್ತದೆ. ದಿಕ್ಕು ಬದಲಿಸಿದಾಗ ತೋಳುಗಳು ಚಿತ್ರದೊಳಗೆ ಮಡಚಿಕೊಳ್ಳದಂತೆ ನೋಟದ ಅಗಲ ಹೆಚ್ಚಿಸಬೇಕು, ಅದರಿಂದ ಸಮಯವೂ ಹೆಚ್ಚುತ್ತದೆ. ದಣಿದವರಿಗೆ ಅದರ ಬದಲು ಸಿಂಗಲ್ ಶಾಟ್ ಒಳ್ಳೆಯದು. ಒಂದೇ ಬಡಿತದಲ್ಲಿ ಒಂದು ಪೂರ್ತಿ ಚಿತ್ರ ಮುಗಿಯುತ್ತದೆ. ಸಹಜ ಉಸಿರಿನಲ್ಲೇ ಹಲವನ್ನು ತೆಗೆದು, ಒಂದರ ಮೇಲೊಂದು ಸರಿಯಾಗಿ ಹೊಂದಿಸಿ ಸರಾಸರಿ ಮಾಡುವ ಸೌಲಭ್ಯ ನಿಮ್ಮ ಯಂತ್ರದಲ್ಲಿದ್ದರೆ ಸಂಕೋಚವಿಲ್ಲದೆ ಬಳಸಿ.

ಟಿ1 ಮ್ಯಾಪ್‌ಗಳಲ್ಲಿ ಉಸಿರಿನ ತಪ್ಪು ಅಂಕಿಯ ವೇಷದಲ್ಲಿ ಬರುತ್ತದೆ. ಟಿ1 ಅಂದರೆ ಅಂಗಾಂಶದ ಕಾಂತತೆ ಮೊದಲಿನ ಸ್ಥಿತಿಗೆ ಮರಳಲು ಹಿಡಿಯುವ ಕಾಲದ ಅಳತೆ. 11 ಬಡಿತಗಳ ಒಂದು ದಮ್ಮಿನಲ್ಲಿ 8 ಚಿತ್ರ ತೆಗೆದು, ಪ್ರತಿ ಬಿಂದುವಿಗೂ ಒಂದು ವಕ್ರರೇಖೆ ಹೊಂದಿಸಿ ಬೆಲೆ ಹೇಳುತ್ತದೆ ಯಂತ್ರ. ನಡುವೆ ಹೃದಯ 3 ಮಿಲಿಮೀಟರ್ ಸರಿದರೂ ಅಂಚಿನ ಬಿಂದು ಕೆಲವು ಚಿತ್ರಗಳಲ್ಲಿ ಸ್ನಾಯು, ಕೆಲವದರಲ್ಲಿ ರಕ್ತ. 1.5 ಟೆಸ್ಲಾದಲ್ಲಿ ಸ್ನಾಯುವಿನ ಟಿ1 ಸಾವಿರ ಮಿಲಿಸೆಕೆಂಡಿನ ಆಸುಪಾಸು, ರಕ್ತದ್ದು ಒಂದೂವರೆ ಸಾವಿರಕ್ಕೂ ಮೇಲೆ. ಬೆರೆತರೆ ಸ್ನಾಯುವಿನ ಅಂಕಿ ಏರುತ್ತದೆ, ಓದುವವರು ನಾರುಗಟ್ಟಿದೆ ಅಂತ ಬರೆದುಬಿಟ್ಟಾರು. ಚಲನೆ ಸರಿಪಡಿಸುವ ತಂತ್ರಾಂಶ ಸ್ಲೈಸಿನ ಒಳಗಿನ ಸರಿತವನ್ನು ಮಾತ್ರ ತಿದ್ದುತ್ತದೆ. ಸ್ಲೈಸಿನಿಂದ ಆಚೆಗೇ ಹೋದ ಸ್ನಾಯುವನ್ನು ಅದು ವಾಪಸು ತರಲಾರದು. ಬಣ್ಣದ ಮ್ಯಾಪ್ ನೋಡಿ ಸುಮ್ಮನಾಗದೆ, ಮೂಲ ಚಿತ್ರಗಳನ್ನು ಸಿನಿಮಾದ ಹಾಗೆ ಓಡಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಹೃದಯ ಕುಣಿದರೆ ಮತ್ತೆ ತೆಗೆಯಿರಿ.

ಪರ್ಫ್ಯೂಶನ್‌ನಲ್ಲಿ ನಾನು ಹಳೆಯ ಪದ್ಧತಿಯನ್ನು ಒಪ್ಪುವುದಿಲ್ಲ. ಗ್ಯಾಡೊಲಿನಿಯಂ ಹೃದಯದ ಸ್ನಾಯುವಿಗೆ ಹರಿದು ಬರುವುದನ್ನು ನೋಡುವ, ಐವತ್ತು ಅರವತ್ತು ಬಡಿತಗಳ ಚಿತ್ರಣ ಅದು, ಯಾರೂ ಅಷ್ಟು ಹೊತ್ತು ಹಿಡಿಯಲಾರರು. "ಆದಷ್ಟು ಹಿಡಿಯಿರಿ, ಆಗದಿದ್ದರೆ ಮೆಲ್ಲಗೆ ಉಸಿರಾಡಿ" ಅನ್ನುವುದು ರೂಢಿ. ಉಸಿರು ಕಟ್ಟಿ ಕಟ್ಟಿ ಬಿಟ್ಟವರು ಮೆಲ್ಲಗೆ ಬಿಡುವುದಿಲ್ಲ, ಜೋರಾಗಿ ಒಮ್ಮೆ ಎಳೆಯುತ್ತಾರೆ. ಆ ಎಳೆತ ಎಷ್ಟೋ ಸಲ ಬರುವುದು ಗ್ಯಾಡೊಲಿನಿಯಂ ಹೃದಯದ ಸ್ನಾಯುವಿಗೆ ತಲುಪುವ ಹೊತ್ತಿಗೇ. ಹೃದಯದ ರಕ್ತನಾಳಗಳನ್ನು ಹಿಗ್ಗಿಸುವ ಅಡೆನೊಸಿನ್ ಕೊಟ್ಟಿದ್ದರಂತೂ ಆ ಔಷಧದಿಂದಲೇ ಉಸಿರು ಸಿಕ್ಕಿಕೊಂಡ ಹಾಗಾಗುತ್ತದೆ. ಮೊದಲಿನಿಂದ ಕೊನೆಯವರೆಗೆ ಸಣ್ಣಗೆ, ಒಂದೇ ಸಮನೆ ಉಸಿರಾಡಲು ಹೇಳಿ, ಚಲನೆಯನ್ನು ತಂತ್ರಾಂಶಕ್ಕೆ ಬಿಡುವುದು ಲೇಸು.

ಈಗ ಉಸಿರು ಹಿಡಿಯಲಾರದವರು. ಇವರನ್ನು ಅಪವಾದ ಅಂತ ತಿಳಿಯಬೇಡಿ. ಹೃದಯ ಸೋತವರು, ಮಲಗಿದರೆ ಮೇಲುಸಿರು ಬರುವವರು, ಇವರಿಗೇ ಅಲ್ಲವೇ ಈ ಸ್ಕ್ಯಾನ್ ಹೆಚ್ಚು ಬೇಕಾಗಿರುವುದು? ಮೂಗಿನ ನಳಿಕೆಯಲ್ಲಿ ಆಮ್ಲಜನಕ ಕೊಟ್ಟರೆ ಕೆಲವರಿಗೆ ಕೆಲವು ಸೆಕೆಂಡು ಹೆಚ್ಚು ಸಿಗುತ್ತದೆ. ಅದು ಗೋಡೆಯ ಕೊಳವೆಯಿಂದ ಬರಲಿ, ಉಕ್ಕಿನ ಸಿಲಿಂಡರ್ ಆ ಕೋಣೆಯ ಹೊಸ್ತಿಲು ದಾಟಲೇಬಾರದು. ಮುಂದಿನ ಹೆಜ್ಜೆ ಸಮಯ ಕತ್ತರಿಸುವುದು. ಪ್ಯಾರಲಲ್ ಇಮೇಜಿಂಗಿನ ವೇಗದ ಅಂಶ ಹೆಚ್ಚಿಸಿ, ಫೇಸ್ ದಿಕ್ಕಿನ ನೋಟ ಕಿರಿದಾಗಿಸಿ, ಬಿಂದುವಿನ ಅಳತೆ 1.5ರಿಂದ 2 ಮಿಲಿಮೀಟರಿಗೆ ಹೋದರೂ ಪರವಾಗಿಲ್ಲ. ಪ್ರತಿ ಹಂತದ ಸಾಲುಗಳನ್ನು ಮಾತ್ರ ಮನಬಂದಂತೆ ಹೆಚ್ಚಿಸಬೇಡಿ. ಹಂತದ ಅವಧಿ ಉದ್ದವಾದರೆ ಹೃದಯ ಪೂರ್ತಿ ಕುಗ್ಗಿದ ಕ್ಷಣವೇ ಕಲಸಿಹೋಗಿ ಫ್ರ್ಯಾಕ್ಷನ್ ಕಡಿಮೆ ಬರುತ್ತದೆ. ಇಷ್ಟಕ್ಕೂ ಆಗದಿದ್ದರೆ ಸಹಜ ಉಸಿರಿನಲ್ಲಿ ಮೂರು ಸಲ ತೆಗೆದು ಸರಾಸರಿ ಮಾಡಿ. ಅಂಚು ಮೃದುವಾಗುತ್ತದೆ, ಆದರೆ ನಕಲುಗಳು ತಗ್ಗುತ್ತವೆ. ನಾಡಿಯೂ ತಪ್ಪುತ್ತಿದ್ದರೆ ರಿಯಲ್ ಟೈಮ್ ಸಿನೆ. ಅದಕ್ಕೆ ಉಸಿರು ಹಿಡಿಯುವುದೂ ಬೇಡ, ಇಸಿಜಿಯೂ ಬೇಡ, ಸ್ಪಷ್ಟತೆ ಮಾತ್ರ ಕಡಿಮೆ.

ಕೊರೊನರಿ ನಾಳಗಳಂಥ ಉದ್ದನೆಯ ಚಿತ್ರಣಕ್ಕೆ ನ್ಯಾವಿಗೇಟರ್ ಬೇಕು. ಎಹ್ಮನ್ ಮತ್ತು ಫೆಲ್ಮ್ಲಿ 1989ರಲ್ಲಿ ತೋರಿಸಿದ ಉಪಾಯ ಇದು. ವಪೆಯ ಬಲ ಗುಮ್ಮಟದ ಮೇಲೆ, ಅರ್ಧ ಶ್ವಾಸಕೋಶದಲ್ಲಿ ಅರ್ಧ ಲಿವರಿನಲ್ಲಿ ಇರುವಂತೆ ಒಂದು ಸಣ್ಣ ಕಂಬ ಇಡುತ್ತೇವೆ. ಕಪ್ಪು ಶ್ವಾಸಕೋಶ, ಬಿಳಿ ಲಿವರ್, ನಡುವಿನ ಅಂಚು ಎಲ್ಲಿದೆ ಅಂತ ಪ್ರತಿ ಬಡಿತದಲ್ಲೂ ಯಂತ್ರ ನೋಡುತ್ತದೆ. ಅಂಚು 5 ಮಿಲಿಮೀಟರ್ ಕಿಂಡಿಯೊಳಗಿದ್ದರೆ ಸಾಲು ಇಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ಬಿಸಾಡುತ್ತದೆ. ಹಾಗಾಗಿ 4 ನಿಮಿಷದ ಸ್ಕ್ಯಾನ್, ನೂರಕ್ಕೆ ನಲವತ್ತು ಮಾತ್ರ ಒಳಗೆ ಬಿದ್ದರೆ, 10 ನಿಮಿಷ. ಕಂಬ ಹೃದಯದ ಮೂಲಕ ಹಾಯದಂತೆ ನೋಡಿಕೊಳ್ಳಿ, ಹಾಯ್ದಲ್ಲೆಲ್ಲ ಕಪ್ಪು ಪಟ್ಟೆ ಬೀಳುತ್ತದೆ. ಶುರುವಾದ ಮೇಲೆ ಕಾಫಿಗೆ ಎದ್ದು ಹೋಗುವಂತಿಲ್ಲ. ರೋಗಿಗೆ ಜೋಂಪು ಹತ್ತಿದರೆ ಉಸಿರಿನ ರೀತಿ ಬದಲಾಗಿ ಅಂಚು ಕಿಂಡಿಯಿಂದ ಮೆಲ್ಲಗೆ ಹೊರಜಾರುತ್ತದೆ. ಪಾಲು ನಲವತ್ತರಿಂದ ಹದಿನೈದಕ್ಕೆ ಇಳಿದದ್ದು ಕಂಡರೆ ನಿಲ್ಲಿಸಿ, ಕಿಂಡಿಯನ್ನು ಹೊಸ ಜಾಗಕ್ಕೆ ಸರಿಸಿ, ಮತ್ತೆ ಶುರು ಮಾಡಿ.

ಕೊನೆಗೆ, ಉಸಿರಾಡಿ ಅಂತ ನಾವೇ ಕೇಳಿಕೊಳ್ಳುವ ಒಂದು ಪರೀಕ್ಷೆ. ಹೃದಯದ ಹೊರಚೀಲ ಗಟ್ಟಿಯಾಗಿ ಹೃದಯವನ್ನು ಬಿಗಿಹಿಡಿದಿದೆ ಎಂಬ ಅನುಮಾನ ಇದ್ದಾಗ ದಮ್ಮು ಕಟ್ಟಿಸಿ ತೆಗೆದ ಸಿನೆ ಸಾಲದು. ಬುಡಕ್ಕೂ ನಡುವಿಗೂ ನಡುವಿನ ಒಂದು ಅಡ್ಡ ಸ್ಲೈಸ್ ಹಾಕಿ, ರಿಯಲ್ ಟೈಮಿನಲ್ಲಿ 10-15 ಸೆಕೆಂಡು ಓಡಿಸುತ್ತಾ, ಜೋರಾಗಿ ಉಸಿರು ಎಳೆದು ಬಿಡಲು ಹೇಳಿ. ಎಳೆದಾಗ ಬಲಗಡೆಗೆ ರಕ್ತ ನುಗ್ಗುತ್ತದೆ. ಚೀಲ ಹಿಗ್ಗುವಂತಿಲ್ಲ, ಹಾಗಾಗಿ ನಡುಗೋಡೆ ಎಡಕ್ಕೆ ಬಾಗುತ್ತದೆ. ಉಸಿರು ಎಳೆಯಲು ಶುರು ಮಾಡಿದ ಮೊದಲ ಒಂದೆರಡು ಬಡಿತಗಳಲ್ಲೇ ಅದು ಎದ್ದು ಕಾಣುತ್ತದೆ, ಆಮೇಲೆ ಮಾಯವಾಗುತ್ತದೆ. ಉಸಿರಿನ ಹಂತ ತಿಳಿಯಲು ವಪೆಯೋ ಎದೆಗೋಡೆಯೋ ಚಿತ್ರದಲ್ಲಿ ಕಾಣುವಂತೆ ನೋಟದ ಅಗಲ ಇಡಿ, ಮತ್ತು "ಈಗ ಎಳೆಯಿರಿ" ಅನ್ನುವ ಮೊದಲೇ ಸ್ಟಾರ್ಟ್ ಒತ್ತಿರಿ.